ತಗ್ಗಿಸುವ ಗುಂಡಿಯೂ ಏರಿಸುವ ಪೆಟ್ಟಿಗೆಯೂ

ಸಂಸಾರದಲ್ಲಿ ಅತಿ ಚಿಕ್ಕದಾಗಿದ್ದು ಅತಿ ಹೆಚ್ಚು ಕಲಹಕ್ಕೆ ಕಾರಣವಾಗುವ ವಸ್ತು ಯಾವುದೆಂದು ಯಾರಾದರೂ ಕೇಳಿದರೆ, ಧ್ವನಿಯನ್ನು ಏರಿಸಿ ತಗ್ಗಿಸುವ ಗುಂಡಿಯೆಂದು ನಾನು ನಿಸ್ಸಂದೇಹವಾಗಿ ಹೇಳುವೆನು. ಮಗನು ಅದನ್ನು ಬಲಕ್ಕೆ ತಿರುಗಿಸುವನು. ತಂದೆಯು ಎಡಕ್ಕೆ ತಿರುಗಿಸುವನು. ಅಜ್ಜಿಗೆ ಕೇಳಿಸಲಿಲ್ಲವೆಂಬ ದೂರು; ಪರೀಕ್ಷೆಗೆ ಓದುವ ಮೊಮ್ಮಗಳಿಗೆ ಕೇಳಿಸಿತೆಂಬ ದೂರು. ಇಷ್ಟು ಮಂದಿಯ ಕೈಗೆ ಸಿಕ್ಕುವ ಈ ಗುಂಡಿಯ ಒಳಗೆ ಏನಿರುವುದು, ಅದು ಮಾಡುವ ಕೆಲಸವೇನು, ಅದನ್ನು ಆರಿಸಿಕೊಳ್ಳುವ ಬಗೆ ಹೇಗೆ ಎಂಬುದನ್ನು ಯೋಚಿಸುವವರು ಮಾತ್ರ ವಿರಳ. ನಾನೂ ಯೋಚಿಸಿದವನಲ್ಲ. ಕಳೆದ ವರ್ಷ ಬಳ್ಳಾರಿಯಲ್ಲಿರುವ ನನ್ನ ಅಕ್ಕನ ಮಗನು ನನ್ನನ್ನು ಈ ವಿಚಾರಕ್ಕೆ ಎಳೆದನು. ಅವನಿಗೆ ನಾನು ಒಂದು ಸರಿಯಾದ ಸಲಹೆಯನ್ನೂ ಒಂದು ತಪ್ಪು ಸಲಹೆಯನ್ನೂ ಕೊಟ್ಟೆನು. ಎರಡನ್ನೂ ವಾಚಕರ ಮುಂದಿಡುವುದು ಈ ತಿಂಗಳ ಲೇಖನದ ಉದ್ದೇಶ.

ನಮ್ಮ ಬಳ್ಳಾರಿಯ ಸೀಮೆ ಕಂಠಕ್ಕೆ ಹೆಸರಾದುದು. ವಕೀಲರಾಗಿದ್ದುಕೊಂಡೇ ನಟರಾಗಿ ಕೀರ್ತಿವೆತ್ತ ಬಳ್ಳಾರಿ ರಾಘವರು (1880-1946) ಈ ಊರಿನವರು. ಅವರ ಹೆಸರಿನ ಕಲಾಮಂದಿರವನ್ನು ನಗರದಲ್ಲಿ ಇಂದಿಗೂ ನೋಡಬಹುದು. ಗಮಕಿಗಳೂ ನಾಟಕಕಾರರೂ ಆಗಿದ್ದ ಜೋಳದರಾಶಿ ದೊಡ್ಡನಗೌಡರು ಇದೇ ಸೀಮೆಯವರು. ಕಂಪೆನಿ ನಾಟಕಗಳಲ್ಲಿ ಹಾಡಿ ಅಭಿನಯಿಸಿ ಜನರ ಮನಸ್ಸನ್ನು ಗೆದ್ದ ಸುಭದ್ರಮ್ಮ ಮನ್ಸೂರರು ಬಳ್ಳಾರಿಯಲ್ಲಿದ್ದು 2020ರಲ್ಲಿ ತೀರಿಕೊಂಡರು. ಇಂಥವರ ಕಂಠದೊಳಗೇ ಆ ಗುಂಡಿಯಿದ್ದಿತು. ವೀರರಸದಲ್ಲಿ ಅದನ್ನು ಏರಿಸುವರು, ಕರುಣರಸದಲ್ಲಿ ಇಳಿಸುವರು. ಗಮಕಿಯು ಪದ್ಯದ ಕೊನೆಯ ಅಕ್ಷರವನ್ನು ಪಿಸುಮಾತಿನಷ್ಟಕ್ಕೆ ಇಳಿಸಿದಾಗ ಸಭೆಯೆಲ್ಲ ಮುಂದಕ್ಕೆ ಬಾಗುವುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಏರಿದ ದನಿಗೂ ಇಳಿದ ದನಿಗೂ ನಡುವಿರುವ ಆ ಅಂತರವೇ ಕಾವ್ಯವಾಚನದ ಜೀವ. ಯಂತ್ರದ ಮೂಲಕ ಕೇಳುವಾಗ ಆ ಅಂತರವನ್ನು ಕೆಡಿಸದೆ ಕಿವಿಗೆ ಮುಟ್ಟಿಸುವುದು ನಾವು ಕೊಳ್ಳುವ ಸಾಮಗ್ರಿಯ ಧರ್ಮ.

ನನ್ನ ಭಾವನವರು, ಎಂದರೆ ಈ ಹುಡುಗನ ತಂದೆ, ಸಿರುಗುಪ್ಪದಲ್ಲಿ ಕುಮಾರವ್ಯಾಸಭಾರತವನ್ನು ಓದುತ್ತಿದ್ದವರು. ದೊಡ್ಡ ಸಭೆಗಳ ಗಮಕಿಗಳಲ್ಲ. ಶ್ರಾವಣದಲ್ಲಿ ಗುಡಿಯ ಜಗಲಿಯ ಮೇಲೆ ಹತ್ತಾರು ಜನರಿಗಾಗಿ ಓದಿದವರು. ಅವರು ಹೋಗಿ ಬಹಳ ವರ್ಷಗಳಾದುವು. ಅವರ ಕಂಠದ ಗುರುತಾಗಿ ಉಳಿದಿರುವುದು ಒಂದೇ ಕ್ಯಾಸೆಟ್ಟು. ಆಗ ಹುಡುಗನಿಗೆ ನಾಲ್ಕು ವರ್ಷ. ತಂದೆಯ ಮುಖವು ಅವನಿಗೆ ಭಾವಚಿತ್ರದಿಂದ ಗೊತ್ತು; ದನಿ ಗೊತ್ತಿಲ್ಲ. ಈ ಸಂಗತಿಯನ್ನು ಈಗಲೇ ಹೇಳಿಡುವೆನು, ಮುಂದೆ ಬೇಕಾಗುವುದು.

ಹಿಂದೆ ರೇಡಿಯೋ ಪೆಟ್ಟಿಗೆಯಾಗಲಿ ಟೇಪುರೆಕಾರ್ಡರಾಗಲಿ ಒಂದೇ ಗೂಡಿನೊಳಗೆ ಎಲ್ಲವನ್ನೂ ಹೊಂದಿದ್ದಿತು. ಈಗಿನ ಸಂಗೀತಾಸಕ್ತರು ಅಂಗಗಳನ್ನು ಬೇರೆಬೇರೆಯಾಗಿ ತಂದು ಜೋಡಿಸುವರು. ಮೊದಲನೆಯದು ದನಿಯನ್ನು ಕೊಡುವ ಮೂಲಯಂತ್ರ, ಕೊನೆಯದು ಸ್ಪೀಕರು, ಅದಕ್ಕೆ ಬಲ ಕೊಡುವುದು ಪವರ್ ಆಂಪ್ಲಿಫೈಯರು. ಪವರ್ ಆಂಪ್ಲಿಫೈಯರಿಗೆ ಅನೇಕ ವೇಳೆ ಗುಂಡಿಯೇ ಇರುವುದಿಲ್ಲ. ಬಂದುದನ್ನೆಲ್ಲ ಒಂದೇ ಪ್ರಮಾಣದಲ್ಲಿ ಗುಣಿಸಿ ಹೊರಗೆ ಬಿಡುವುದು. ಆದುದರಿಂದ ಮೂಲಕ್ಕೂ ಇದಕ್ಕೂ ನಡುವೆ ಒಬ್ಬ ದ್ವಾರಪಾಲಕನು ಬೇಕು. ಈ ದ್ವಾರಪಾಲಕನಲ್ಲಿ ಎರಡು ಜಾತಿ. ವಿದ್ಯುತ್ತನ್ನು ತೆಗೆದುಕೊಂಡು ಏರಿಸಲೂ ತಗ್ಗಿಸಲೂ ಬಲ್ಲವನು ಪ್ರೀಆಂಪ್ಲಿಫೈಯರು, ಜನರ ಬಾಯಲ್ಲಿ ಪ್ರೀಆಂಪು. ವಿದ್ಯುತ್ತಿನ ಹಂಗಿಲ್ಲದೆ ತಗ್ಗಿಸಲು ಮಾತ್ರ ಬಲ್ಲವನನ್ನು ಅಂಗಡಿಯವರು ಪ್ಯಾಸಿವ್ ಎನ್ನುವರು, ನಿಷ್ಕ್ರಿಯವೆಂದರೆ ಸಲ್ಲುವುದು.

ಹುಡುಗನ ಬಳಿ ಅಂಕಿಗಳ ರೂಪದಲ್ಲಿರುವ ಸಂಗೀತವನ್ನು ದನಿಯಾಗಿ ಮಾಡುವ ಡ್ಯಾಕ್ ಎಂಬ ಯಂತ್ರವಿದ್ದಿತು. ಬೆಲೆಯುಳ್ಳ ಪ್ರೀಆಂಪನ್ನು ಕೊಳ್ಳಬೇಕೆಂದು ವ್ಯಾಪಾರಿಯೊಬ್ಬನು ಅವನಿಗೆ ಒತ್ತಾಯ ಮಾಡಿದ್ದನು. ಸ್ನೇಹಿತರು ನಿಷ್ಕ್ರಿಯ ಪೆಟ್ಟಿಗೆಯೇ ಸಾಕೆಂದಿದ್ದರು. “ಮಾವ, ನೀವು ನಿಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರನ್ನ ಒಂದು ಮಾತು ಕೇಳಿ ಹೇಳ್ರಿ” ಎಂದು ಅವನು ಕುರುಗೋಡಿಗೆ ಬಂದು ಕುಳಿತನು. ಆ ಸಹೋದ್ಯೋಗಿಗಳು ನನ್ನಂತೆಯೇ ನಿವೃತ್ತರು. ಸಂಜೆ ದೊಡ್ಡಬಸವೇಶ್ವರನ ಗುಡಿಯ ಕಡೆ ನಾವಿಬ್ಬರೂ ಅಡ್ಡಾಡುವ ಪದ್ಧತಿ. ಅವರು ನಾಲ್ಕಾರು ಸಂಜೆಗಳಲ್ಲಿ ನನಗೆ ಕಲಿಸಿದುದನ್ನು ಇಲ್ಲಿ ಸಂಗ್ರಹಿಸುವೆನು.

ಮೊದಲನೆಯ ಪ್ರಶ್ನೆ: ಏರಿಸುವ ಅಗತ್ಯವಿದೆಯೆ? ಇದು ಕೇವಲ ಲೆಕ್ಕದ ಮಾತು. ಹುಡುಗನ ಡ್ಯಾಕಿನಿಂದ ಗರಿಷ್ಠ 4 ವೋಲ್ಟು ಹೊರಡುವುದು. ಅವನ ಆಂಪ್ಲಿಫೈಯರಿಗೆ 1.5 ವೋಲ್ಟು ದೊರೆತರೆ ಅದು ತನ್ನ ಪೂರ್ಣ ಬಲವಾದ 100 ವಾಟನ್ನು ಕೊಡುವುದು. ವಾಸದ ಮನೆಯಲ್ಲಿ 100 ವಾಟು ಯಾರಿಗೆ ಬೇಕು? ಸಾಧಾರಣ ಸ್ಪೀಕರಿಗೆ 1 ವಾಟು ಕೊಟ್ಟರೆ ನಡುಮನೆ ತುಂಬುವುದು. ಬಲವು ವೋಲ್ಟಿನ ವರ್ಗಕ್ಕೆ ಅನುಸಾರವಾಗಿ ಏರುವುದಾದುದರಿಂದ, ನೂರರಲ್ಲಿ ಒಂದು ಪಾಲು ಬಲಕ್ಕೆ ಹತ್ತರಲ್ಲಿ ಒಂದು ಪಾಲು ವೋಲ್ಟು, ಎಂದರೆ 0.15 ವೋಲ್ಟು ಸಾಕು. ಬರುವುದು 4, ಬೇಕಾದುದು 0.15, ಸುಮಾರು ಇಪ್ಪತ್ತೇಳರಲ್ಲಿ ಒಂದು ಪಾಲನ್ನು ಇಟ್ಟುಕೊಂಡು ಮಿಕ್ಕುದನ್ನು ಬಿಡಬೇಕು. ಇಂಥಲ್ಲಿ ಪ್ರೀಆಂಪನ್ನು ಇಟ್ಟರೆ ಒಂದು ಕೈಯಿಂದ ತಗ್ಗಿಸಿ ಇನ್ನೊಂದು ಕೈಯಿಂದ ಏರಿಸಿದಂತೆ. ಅದರೊಳಗಿನ ಪ್ರತಿಯೊಂದು ಅಂಗವೂ ತನ್ನದೊಂದು ಅಲ್ಪ ಸದ್ದನ್ನು ಸೇರಿಸುವುದು. ನಿಷ್ಕ್ರಿಯ ಪೆಟ್ಟಿಗೆಯು ಬಹುಮಟ್ಟಿಗೆ ಏನನ್ನೂ ಸೇರಿಸದು, ಬಿಸಿಯಾಗದು, 40 ಡಿಗ್ರಿ ಮೀರುವ ನಮ್ಮ ಬೇಸಗೆಯಲ್ಲಿ ಅದೂ ಒಂದು ಗುಣವೇ.

ಇದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಮಾತೊಂದುಂಟು. ಅನೇಕ ಡ್ಯಾಕುಗಳು ಧ್ವನಿಯನ್ನು ಅಂಕಿಯ ರೂಪದಲ್ಲಿಯೇ ತಗ್ಗಿಸಬಲ್ಲುವು. ಒಂದೊಂದು ಬಿಟ್ಟಿಗೆ ಸುಮಾರು 6 ಡೆಸಿಬೆಲ್ ಅಂತರ. ಸಿ.ಡಿ.ಯ ಸಂಗೀತವು 16 ಬಿಟ್ಟಿನದು. 24 ಬಿಟ್ಟಿನ ಯಂತ್ರದೊಳಗೆ ಅದನ್ನು 48 ಡೆಸಿಬೆಲ್ಲಿನಷ್ಟು ತಗ್ಗಿಸಿದರೂ ಅದರ ಅಂಕಿಗಳು ಲೋಪವಾಗುವುದಿಲ್ಲ. ಮೂಲಯಂತ್ರವು ಒಂದೇ ಆಗಿದ್ದು ಅದರಲ್ಲಿ ಈ ಅನುಕೂಲವಿದ್ದರೆ ಯಾವ ಪೆಟ್ಟಿಗೆಯನ್ನೂ ಕೊಳ್ಳದಿರುವುದೇ ಒಳ್ಳೆಯ ಆಯ್ಕೆ. ಹುಡುಗನ ಯಂತ್ರದಲ್ಲಿ ಅದಿರಲಿಲ್ಲ.

ಎರಡನೆಯ ಪ್ರಶ್ನೆ: ಮೇಲಿನವನಿಗೂ ಕೆಳಗಿನವನಿಗೂ ಹೊಂದಿಕೆಯಿದೆಯೆ? ತುಂಗಭದ್ರೆಯ ಕಾಲುವೆಯನ್ನು ನಂಬಿದ ನಮ್ಮವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಮೇಲಿನ ತೂಬಿನವರು ಹಿಡಿತವಿಲ್ಲದೆ ನೀರು ಬಿಟ್ಟುಕೊಂಡರೆ ಕಾಲುವೆಯ ಮಟ್ಟವೇ ಕುಸಿದು ಕೊನೆಯ ಹೊಲ ಒಣಗುವುದು. ಹಾಗೆಯೇ ಗುಂಡಿಯ ಪೆಟ್ಟಿಗೆಯು ಮೂಲಯಂತ್ರದಿಂದ ಅತ್ಯಲ್ಪವನ್ನೇ ಎಳೆಯಬೇಕು. ಆಂಪ್ಲಿಫೈಯರು ಗುಂಡಿಯಿಂದ ಅತ್ಯಲ್ಪವನ್ನೇ ಎಳೆಯಬೇಕು. ಇದನ್ನು ಅಳೆಯುವ ಮಾನಕ್ಕೆ ಓಮ್ ಎಂದು ಹೆಸರು. ಕೆಳಗಿನದರ ಓಮು ಮೇಲಿನದರ ಓಮಿಗಿಂತ ಹತ್ತುಪಟ್ಟಾದರೂ ಇರಲಿ ಎಂಬುದು ರೂಢಿಯ ಸೂತ್ರ. ಹುಡುಗನ ಡ್ಯಾಕು 200 ಓಮಿನದು. 10,000 ಓಮಿನ ಗುಂಡಿ ಅದಕ್ಕೆ ಐವತ್ತುಪಟ್ಟು. ಆ ಗುಂಡಿಯು ಹೊರಕ್ಕೆ ತೋರುವ ಓಮು ಅತಿ ಹೆಚ್ಚೆಂದರೆ ಅದರ ಕಾಲು ಭಾಗ, 2,500ರ ಆಸುಪಾಸು. ವೋಲ್ಟನ್ನು ಅರ್ಧಕ್ಕೆ ಇಳಿಸಿದ ಸ್ಥಾನದಲ್ಲಿ ಹಾಗಾಗುವುದು. ಆಂಪ್ಲಿಫೈಯರು 47,000 ಓಮಿನದು. ಹೊಂದಿಕೆಯಾಯಿತು. ಹಳೆಯ ಕೆಲವು ವಾಲ್ವಿನ ಯಂತ್ರಗಳು ತಾವೇ ಸಾವಿರಾರು ಓಮಿನವಾಗಿರುವುವು. ಅವುಗಳ ಮುಂದೆ ನಿಷ್ಕ್ರಿಯ ಗುಂಡಿಯನ್ನು ಇಟ್ಟರೆ ದನಿ ಸೊರಗುವುದು.

ಈ ಕಾಲುವೆಯ ಕೊನೆಯ ಹೊಲವೆಂದರೆ ಉದ್ದನೆಯ ವಯರು. ವಯರು ಉದ್ದವಾದಷ್ಟೂ ತಾರಸ್ಥಾಯಿಯ ಸೂಕ್ಷ್ಮ ನಾದಗಳನ್ನು ತಾನೇ ಹೀರಿಬಿಡುವುದು. 50,000 ಓಮಿನ ಗುಂಡಿಯನ್ನು ಅರ್ಧಕ್ಕಿಟ್ಟು ಅದರಾಚೆ 10 ಮೀಟರು ಸಾಧಾರಣ ವಯರನ್ನು ಎಳೆದರೆ, ಸೆಕೆಂಡಿಗೆ ಸುಮಾರು 12,700 ಕಂಪನಗಳ ಮೇಲಿನ ನಾದವು ಕುಗ್ಗತೊಡಗುವುದು. ಒಳ್ಳೆಯ ಕಿವಿ 20,000ದವರೆಗೂ ಕೇಳಬಲ್ಲುದು. ಅದೇ ವಯರಿಗೆ 10,000 ಓಮಿನ ಗುಂಡಿಯಾದರೆ ಈ ಮೇರೆ 60,000ದಾಚೆಗೆ ಸರಿಯುವುದು, ಚಿಂತೆಯಿಲ್ಲ. ಆದುದರಿಂದ ನಿಷ್ಕ್ರಿಯ ಪೆಟ್ಟಿಗೆಯನ್ನು ಆಂಪ್ಲಿಫೈಯರಿನ ಪಕ್ಕದಲ್ಲಿಯೇ, ಒಂದೆರಡು ಮೀಟರಿನೊಳಗೆ ಇಡಬೇಕು.

ಮೂರನೆಯದು ಬ್ಯಾಲೆನ್ಸ್ಡ್ ಎಂಬ ವಿಶೇಷಣ. ಸಮತೋಲ ಜೋಡಣೆಯೆಂದು ಕರೆಯೋಣ. ಸಾಧಾರಣ ಜೋಡಣೆಯಲ್ಲಿ ದನಿಗೆ ಒಂದು ತಂತಿ, ಅದನ್ನು ಸುತ್ತಿದ ಬಲೆ ಇನ್ನೊಂದು. ಸಮತೋಲದಲ್ಲಿ ಎರಡು ತಂತಿಗಳು ಒಂದೇ ದನಿಯನ್ನು ಪರಸ್ಪರ ವಿರುದ್ಧ ಮುಖವಾಗಿ ಒಯ್ಯುವುವು, ಬಲೆಯು ಮೂರನೆಯದು. ಕೊನೆಯಲ್ಲಿ ಆಂಪ್ಲಿಫೈಯರು ಎರಡರ ವ್ಯತ್ಯಾಸವನ್ನು ಮಾತ್ರ ಎತ್ತಿಕೊಳ್ಳುವುದು. ತಕ್ಕಡಿಯನ್ನು ನೆನೆಯಿರಿ. ಬಳ್ಳಾರಿಯ ಕೆಂಧೂಳು ಎರಡು ತಟ್ಟೆಗಳ ಮೇಲೂ ಸಮವಾಗಿ ಬಿದ್ದರೆ ಮುಳ್ಳು ಕದಲುವುದಿಲ್ಲ. ಸರಕಿನ ತೂಕವಷ್ಟೇ ತೋರುವುದು. ದಾರಿಯಲ್ಲಿ ಎರಡು ತಂತಿಗಳಿಗೂ ಸಮವಾಗಿ ಅಂಟಿದ ವಿದ್ಯುತ್ತಿನ ಗುಂಯ್ ಎಂಬ ಸದ್ದು ಇದೇ ರೀತಿಯಲ್ಲಿ ಕಳೆದುಹೋಗುವುದು. ಎರಡು ತಂತಿಗಳನ್ನು ಹೆಣೆದು ಒಯ್ಯುವ ಉಪಾಯಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ಲರು ಟೆಲಿಫೋನಿಗಾಗಿ 1881ರಲ್ಲಿಯೇ ಪೇಟೆಂಟು ಪಡೆದಿದ್ದರು.

ಆದರೆ ತಕ್ಕಡಿಯ ದಂಡದ ಎರಡು ತೋಳುಗಳು ಅಸಮವಾಗಿದ್ದರೆ ಸಮವಾಗಿ ಬಿದ್ದ ಧೂಳೂ ಮುಳ್ಳನ್ನು ಓರೆ ಮಾಡುವುದು. ಸಮತೋಲ ಗುಂಡಿಯನ್ನು ಕೊಳ್ಳುವವರು ಎಚ್ಚರವಿಡಬೇಕಾದ ಮರ್ಮ ಇಲ್ಲಿರುವುದು. ಎಡಬಲಗಳೆರಡಕ್ಕೂ ಎರಡೆರಡು ತಂತಿಯಾಗಿ ಒಟ್ಟು ನಾಲ್ಕು ತಂತಿಗಳನ್ನು ಏಕಕಾಲದಲ್ಲಿ ಒಂದೇ ಅಳತೆಯಿಂದ ತಗ್ಗಿಸಬೇಕು. ಅಗ್ಗದ ಗುಂಡಿಯೊಳಗೆ ಕಾರ್ಬನ್ನಿನ ಪಟ್ಟಿಯ ಮೇಲೆ ಜಾರುವ ಲೋಹದ ನಾಲಗೆಯಿರುವುದು. ಇಂಥ ನಾಲ್ಕು ಪಟ್ಟಿಗಳು ತಗ್ಗಿದ ಸ್ಥಾನದಲ್ಲಿ ಸಮನಾಗಿ ನಡೆಯುವುದು ಅಪರೂಪ; ಗಾಯಕನು ಒಂದು ಪಕ್ಕಕ್ಕೆ ಸರಿದಂತೆ ಕೇಳಿಸುವನು, ಗುಂಯ್ ಸದ್ದೂ ಇಣುಕುವುದು. ಮೇಲಾಗಿ ಧೂಳು ಹೊಕ್ಕರೆ ತಿರುಗಿಸಿದಾಗಲೆಲ್ಲ ಕರಕರ ಶಬ್ದ. ಎರಡನೆಯ ಬಗೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಆರಿಸಿ ಕೂರಿಸಿದ ರೆಸಿಸ್ಟರುಗಳಿರುವುವು. ಸ್ವರದ ಮೇಲೆ ಕಾಯಿ ಇರುವ ವೀಣೆಯಂತೆ, ಪ್ರತಿಯೊಂದು ಸ್ಥಾನವೂ ನಿಶ್ಚಿತ; ನಾಲ್ಕು ತಂತಿಗಳ ಸಾಮ್ಯವೂ ನಿಶ್ಚಿತ. ಮೆಟ್ಟಿಲುಗಳು ಇಪ್ಪತ್ತನಾಲ್ಕೇ ಇದ್ದರೆ ಒಂದಕ್ಕೂ ಇನ್ನೊಂದಕ್ಕೂ ನಡುವಣ ಇಷ್ಟವಾದ ಮಟ್ಟವು ಸಿಕ್ಕದಿರಬಹುದು, ಅದೊಂದು ಕೊರತೆ. ಮೂರನೆಯ ಬಗೆಯಲ್ಲಿ ಟ್ರಾನ್ಸ್‌ಫಾರ್ಮರಿನ ಸುರುಳಿಯ ಬೇರೆಬೇರೆ ಕವಲುಗಳಿಂದ ವೋಲ್ಟನ್ನು ಇಳಿಸುವರು. ಎರಡು ಸುರುಳಿಗಳು ಬೇರೆಯಾಗಿದ್ದರೆ ಆ ಕಡೆಯ ಯಂತ್ರಕ್ಕೂ ಈ ಕಡೆಯ ಯಂತ್ರಕ್ಕೂ ತಂತಿಯ ಸಂಬಂಧವೇ ಇಲ್ಲದೆ ದನಿ ಮಾತ್ರ ದಾಟುವುದು. ಭೂಸಂಪರ್ಕದ ಸುತ್ತಿನಿಂದ ಬರುವ ಗುಂಯ್ ಸದ್ದಿಗೆ ಇದು ದಿವ್ಯೌಷಧ. ಆದರೆ ತೂಕ ಹೆಚ್ಚು, ಬೆಲೆ ಹೆಚ್ಚು. ಆಂಪ್ಲಿಫೈಯರಿನ ದೊಡ್ಡ ಟ್ರಾನ್ಸ್‌ಫಾರ್ಮರಿನ ಹತ್ತಿರವಿಟ್ಟರೆ ತಾನೇ ಗುಂಯ್‌ಗುಡುವುದು.

ಹುಡುಗನು ಮೆಟ್ಟಿಲಿನ ಗುಂಡಿಯುಳ್ಳ 10,000 ಓಮಿನ ಪೆಟ್ಟಿಗೆಯನ್ನು ತರಿಸಿಕೊಂಡನು. ಬಳ್ಳಾರಿಯ ಮನೆಯಲ್ಲಿ ಅದು ಅದ್ಭುತವಾಗಿ ಕೆಲಸ ಮಾಡಿತು. ಪಾಡುವವರ ಉಸಿರು ಕೂಡ ಕೇಳಿಸಿತು. ಹಾಡು ನಿಂತಾಗ ನಿಶ್ಶಬ್ದವು ನಿಜವಾಗಿಯೂ ನಿಶ್ಶಬ್ದವಾಗಿದ್ದಿತು. ಇಷ್ಟರಿಂದ ನನಗೆ ಗರ್ವ ಬಂದಿತು. ಏನನ್ನೂ ಸೇರಿಸದಿರುವುದೇ ಶುದ್ಧಿಯೆಂಬ ಸಿದ್ಧಾಂತವನ್ನು ಕಟ್ಟಿದೆನು. ಅಪೌರುಷೇಯ ವಾಕ್ಯದಂತೆ ಅದನ್ನು ಎಲ್ಲರ ಮುಂದೆಯೂ ಸಾರಿದೆನು.

ಭಾವನವರ ಪುಣ್ಯತಿಥಿ ಬಂದಿತು. ಆ ದಿನ ಸಿರುಗುಪ್ಪದ ಮನೆಯಲ್ಲಿ ಕ್ಯಾಸೆಟ್ಟನ್ನು ಕೇಳಿಸಬೇಕೆಂದು ಹುಡುಗನ ಆಸೆ. “ನಿನ್ನ ಆ ಪೆಟ್ಟಿಗೆಯನ್ನೇ ಒಯ್ಯಪ್ಪಾ; ಅದಕ್ಕಿಂತ ಶುದ್ಧವಾದುದು ಇನ್ನೊಂದಿಲ್ಲ” ಎಂದವನು ನಾನೇ. ಹಳೆಯ ಕ್ಯಾಸೆಟ್ ಡೆಕ್ಕು ಒಳಕೋಣೆಯ ಬೀರುವಿನಲ್ಲಿ. ಆಂಪ್ಲಿಫೈಯರೂ ಸ್ಪೀಕರುಗಳೂ ಪಡಸಾಲೆಯಲ್ಲಿ. ನಡುವೆ 10 ಮೀಟರು ವಯರು, ಅದೂ ಫ್ರಿಜ್ಜಿಗೂ ನೀರಿನ ಮೋಟರಿಗೂ ಹೋಗುವ ವಿದ್ಯುತ್ತಿನ ತಂತಿಯ ಮಗ್ಗುಲಿನಲ್ಲಿಯೇ. ಡೆಕ್ಕಿನದು ಸಾಧಾರಣ ಜೋಡಣೆ. ಸಮತೋಲ ಪೆಟ್ಟಿಗೆಗೆ ಅದನ್ನು ಪರಿವರ್ತಕ ಪಿನ್ನಿನ ಮೂಲಕ ಸೇರಿಸಿದನು. ಬಂಧುಗಳು ಕುಳಿತರು. ಅಕ್ಕನು ಕಂಬಕ್ಕೊರಗಿ ಕಣ್ಣು ಮುಚ್ಚಿದಳು.

ಗುಂಡಿಯನ್ನು ಕೊನೆಯ ಮೆಟ್ಟಿಲಿನವರೆಗೆ ತಿರುಗಿಸಿದರೂ ಭಾವನವರ ದನಿ ಬಾವಿಯ ತಳದಿಂದ ಬಂದಂತೆ ಕೇಳಿಸಿತು. ಅದರ ಮೇಲೆ ಅಕ್ಕಿಗಿರಣಿಯ ಒಳಗೆ ಕುಳಿತಂತೆ ಗುಂಯ್ ಎಂಬ ಸದ್ದು. ಪದ್ಯದ ಆರಂಭ ಹೇಗೋ ತಿಳಿಯಿತು. ಪಾದದ ಕೊನೆಯಲ್ಲಿ ಅವರು ದನಿಯನ್ನು ಇಳಿಸಿದಾಗಲೆಲ್ಲ ಗುಂಯ್ ಸದ್ದು ಅದನ್ನು ನುಂಗಿತು. ಅಕ್ಕನು ಸ್ವಲ್ಪ ಹೊತ್ತು ಕಾದಳು. ಬಳಿಕ, “ತಮ್ಮಾ, ಇದ್ರಾಗೆ ಅವರ ದನಿ ಎಲ್ಲೈತೆ?” ಎಂದು ಎದ್ದು ಒಳಗೆ ಹೋದಳು. ಹುಡುಗನು ತಲೆ ತಗ್ಗಿಸಿ ವಯರುಗಳನ್ನು ಬಿಚ್ಚತೊಡಗಿದನು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಅವನೊಡನೆ ಆಡಲು ಒಂದು ಮಾತೂ ಸಿಕ್ಕಲಿಲ್ಲ.

ಕುರುಗೋಡಿಗೆ ಹಿಂದಿರುಗಿ ಸಹೋದ್ಯೋಗಿಗಳಿಗೆ ವಿಷಯವನ್ನು ನಿವೇದಿಸಿದೆನು. ಅವರು ನಕ್ಕರು. “ಮೊದಲನೆಯ ಪ್ರಶ್ನೆಯನ್ನು ಎರಡನೆಯ ಮನೆಯಲ್ಲಿ ನೀವು ಕೇಳಲೇ ಇಲ್ಲವಲ್ಲ!” ಎಂದರು. ನಿಜ. ಕ್ಯಾಸೆಟ್ ಡೆಕ್ಕು ಚೆನ್ನಾಗಿ ಮುದ್ರಿತವಾದ ಟೇಪಿನಿಂದಲೇ ಅರ್ಧ ವೋಲ್ಟಿನಷ್ಟು ಕೊಡುವುದು. ಭಾವನವರ ಟೇಪು ದೂರದಲ್ಲಿಟ್ಟ ಚಿಕ್ಕ ಯಂತ್ರದಲ್ಲಿ ಮುದ್ರಿತವಾದುದು. ಅದರ ಹತ್ತರಲ್ಲಿ ಒಂದು ಪಾಲೂ ದೊರೆಯುವುದು ಅನುಮಾನ. ಬೇಕಾದುದು 0.15 ವೋಲ್ಟು, ಇದ್ದುದು 0.05. ಇಪ್ಪತ್ತೇಳರಲ್ಲಿ ಒಂದು ಪಾಲನ್ನು ಇಟ್ಟುಕೊಳ್ಳುವ ಶ್ರೀಮಂತನ ಪೆಟ್ಟಿಗೆಯನ್ನು ನಾನು ಮೂರು ಪಾಲು ಸಾಲ ಬೇಕಾಗಿದ್ದ ಬಡವನ ಮನೆಗೆ ಕಳುಹಿಸಿದ್ದೆನು. ನಿಷ್ಕ್ರಿಯವು ಕೊಡಲಾರದು, ಕೊಡುವುದು ಅದರ ಧರ್ಮವಲ್ಲ.

ಸಮತೋಲವೂ ಅಲ್ಲಿ ಹೆಸರಿಗೆ ಮಾತ್ರ ಇದ್ದಿತು. ಪರಿವರ್ತಕ ಪಿನ್ನು ಎರಡು ತಂತಿಗಳಲ್ಲಿ ಒಂದನ್ನು ಬಲೆಗೆ ಕಟ್ಟಿಹಾಕುವುದು; ತಕ್ಕಡಿಯ ಒಂದು ತಟ್ಟೆಯನ್ನು ನೆಲಕ್ಕೆ ಬಿಗಿದಂತೆ. ಮೂಲದಲ್ಲಿಲ್ಲದ ಸಮತೋಲವನ್ನು ನಡುವಿನ ಪೆಟ್ಟಿಗೆಯು ಹುಟ್ಟಿಸಲಾರದು. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳದು. ಅದರ ಸದ್ದು 50ರಲ್ಲಿಯೂ 100ರಲ್ಲಿಯೂ ಬಲವಾಗಿ ಕೇಳಿಸುವುದು. ಗಂಡಸಿನ ಮಂದ್ರಸ್ಥಾಯಿಯು ಇದರ ನೆರೆಯಲ್ಲಿಯೇ ಇರುವುದಾದುದರಿಂದ ಗಮಕಿಯು ದನಿ ಇಳಿಸಿದಾಗಲೇ ಅದು ಆಕ್ರಮಿಸಿಕೊಂಡಿತು.

ಇಲ್ಲಿ ಒಂದು ಎಚ್ಚರಿಕೆಯನ್ನು ಪ್ರತಿಯೊಬ್ಬ ಗೃಹಸ್ಥನೂ ಗೃಹಿಣಿಯೂ ಮನಸ್ಸಿನಲ್ಲಿಡಬೇಕು. ಆ ದಿನ ನೆರೆಯವರೊಬ್ಬರು, ಆಂಪ್ಲಿಫೈಯರಿನ ಪ್ಲಗ್ಗಿನಲ್ಲಿರುವ ಮೂರನೆಯ ದಪ್ಪ ಕಡ್ಡಿಯನ್ನು ಕಿತ್ತುಬಿಟ್ಟರೆ ಗುಂಯ್ ಸದ್ದು ನಿಲ್ಲುವುದೆಂದು ಸಲಹೆ ಕೊಟ್ಟರು. ಕೆಲವು ವೇಳೆ ನಿಲ್ಲುವುದೂ ಉಂಟು. ಆದರೆ ಆ ಕಡ್ಡಿ ಭೂಸಂಪರ್ಕದ್ದು; ಒಳಗೆ ತಂತಿ ಕಳಚಿ ಲೋಹದ ಮೈಗೆ ತಗುಲಿದಾಗ 230 ವೋಲ್ಟಿನ ವಿದ್ಯುತ್ತನ್ನು ನೆಲಕ್ಕೆ ಒಯ್ದು ಮುಟ್ಟಿದವರ ಪ್ರಾಣವನ್ನು ಉಳಿಸುವುದು ಅದೇ. ಸಂಗೀತಕ್ಕಾಗಿ ಅದನ್ನು ಕೀಳುವುದು ಆತ್ಮಹತ್ಯೆಗೆ ಸಮಾನ. ಎಲೆಕ್ಟ್ರಿಷಿಯನ್ನನ್ನು ಕರೆಸಿ ಭೂಸಂಪರ್ಕದ ಗುಂಡಿಯನ್ನು ಪರೀಕ್ಷಿಸಿದಾಗ, ಇದ್ದಲೂ ಉಪ್ಪೂ ತುಂಬಿದ ಆ ಗುಂಡಿಗೆ ಎಷ್ಟೋ ಬೇಸಗೆಗಳಿಂದ ಯಾರೂ ನೀರು ಹಾಕಿರಲಿಲ್ಲವೆಂದು ತಿಳಿಯಿತು. ಒಣಗಿದ ನೆಲ ವಿದ್ಯುತ್ತನ್ನು ಒಳಕ್ಕೆ ಬಿಟ್ಟುಕೊಳ್ಳದು. ತುಳಸಿಗೆ ನೀರೆರೆಯುವಾಗ ಅದಕ್ಕೂ ಒಂದು ಕೊಡ ಎರೆಯುವುದನ್ನು ಅಕ್ಕನು ಈಗ ನೇಮ ಮಾಡಿಕೊಂಡಿರುವಳು.

ಮುಖ್ಯ ಪರಿಹಾರವಾದರೋ ನಾನು ತಿರಸ್ಕರಿಸಿದ್ದ ಪ್ರೀಆಂಪಿನಿಂದಲೇ ಬಂದಿತು. ಬಹು ಬೆಲೆಯದೇನೂ ಅಲ್ಲ. ಸಾಧಾರಣ ದನಿಯನ್ನು ತೆಗೆದುಕೊಂಡು ಹತ್ತುಪಟ್ಟು ಏರಿಸಿ ಸಮತೋಲದ ಎರಡು ತಂತಿಗಳಲ್ಲಿ ಹೊರಗೆ ಬಿಡುವ ಪುಟ್ಟ ಪೆಟ್ಟಿಗೆ. ಅದನ್ನು ಡೆಕ್ಕಿನ ಮಗ್ಗುಲಿನಲ್ಲಿಯೇ ಇಟ್ಟೆವು. 0.05 ವೋಲ್ಟು 0.5 ಆಯಿತು, ಗುಂಯ್ ಸದ್ದು ಎದುರಾಗುವುದಕ್ಕೆ ಮುಂಚೆಯೇ ದನಿಗೆ ಬಲ ಬಂದಿತು. ಸಮತೋಲದ ವಯರನ್ನು ವಿದ್ಯುತ್ತಿನ ತಂತಿಯಿಂದ ದೂರ ಸರಿಸಿ ಎಳೆದೆವು. ಪಡಸಾಲೆಯಲ್ಲಿ ಆಂಪ್ಲಿಫೈಯರಿನ ಹತ್ತಿರ ಹುಡುಗನ ನಿಷ್ಕ್ರಿಯ ಗುಂಡಿಯನ್ನೇ ಮತ್ತೆ ಇಟ್ಟು ಬೇಕಾದಷ್ಟಕ್ಕೆ ತಗ್ಗಿಸಿದೆವು. ಇದರಿಂದ ನಾನು ಕಲಿತ ಸೂತ್ರವಿಷ್ಟೆ: ಏರಿಸುವುದಾದರೆ ಮೂಲದಲ್ಲಿ ಏರಿಸಬೇಕು, ತಗ್ಗಿಸುವುದಾದರೆ ಕೊನೆಯಲ್ಲಿ ತಗ್ಗಿಸಬೇಕು. ನಡುದಾರಿಯಲ್ಲಿ ಕೊಳೆ ಸೇರಿದ ಮೇಲೆ ಏರಿಸಿದರೆ ಕೊಳೆಯೂ ಏರುವುದು.

ಟೇಪಿನದೇ ಆದ ಸುಯ್ ಎಂಬ ಸದ್ದು ಉಳಿಯಿತು. ಮುದ್ರಣದಲ್ಲಿಯೇ ಇರುವುದನ್ನು ಯಾವ ಗುಂಡಿಯೂ ತೆಗೆಯಲಾರದು. ಡೆಕ್ಕಿನ ಹೆಡ್ಡನ್ನು ಒರಸಿ ಶುದ್ಧ ಮಾಡಿ, ಅದೇ ಪ್ರೀಆಂಪಿನ ಮೂಲಕ ಹುಡುಗನು 24 ಬಿಟ್ಟಿನ ಪ್ರತಿಯೊಂದನ್ನು ಮಾಡಿಕೊಂಡನು. ಈ ಕೆಲಸವನ್ನು ಪುಣ್ಯತಿಥಿಗೆ ಮೊದಲೇ ಮಾಡಬೇಕಾಗಿದ್ದಿತು. ಫಿಲಿಪ್ಸ್ ಕಂಪೆನಿಯು 1963ರಲ್ಲಿ ಹೊರತಂದ ಈ ಕ್ಯಾಸೆಟ್ಟು ಮನೆಮನೆಯ ಕಂಠಗಳನ್ನು ಸೆರೆಹಿಡಿದಿರುವುದು. ನಮ್ಮ ಬಿಸಿಲು ಆ ಟೇಪುಗಳನ್ನು ದಿನೇ ದಿನೇ ಕೆಡಿಸುತ್ತಿರುವುದು. ಹಿರಿಯರ ದನಿಯಿರುವ ಕ್ಯಾಸೆಟ್ಟು ನಿಮ್ಮ ಮನೆಯಲ್ಲಿದ್ದರೆ ಗುಂಡಿಯ ವಿಚಾರ ಆಮೇಲಾಗಲಿ, ಮೊದಲು ಪ್ರತಿ ಮಾಡಿಸಿರಿ. ಪ್ರತಿ ಮಾಡುವಾಗ ದನಿಯ ಅತಿ ಎತ್ತರದ ಸ್ಥಾನವೂ ಮೇರೆಯನ್ನು ಮುಟ್ಟದಂತೆ ಸ್ವಲ್ಪ ಎಡೆಯಿರಲಿ. ಒಮ್ಮೆ ಒಡೆದ ದನಿಯನ್ನು ಮತ್ತೆ ಕೂಡಿಸಲಾಗದು.

ಈಗ ಆಯ್ಕೆಯ ಸಾರವನ್ನು ಹೇಳಿಬಿಡುವೆನು. ಮೂಲಯಂತ್ರವು 2 ವೋಲ್ಟು ಅಥವಾ ಅದಕ್ಕೂ ಹೆಚ್ಚನ್ನು ಕೊಡುವ ಡ್ಯಾಕೋ ಸಿ.ಡಿ. ಯಂತ್ರವೋ ಆಗಿದ್ದು, ಆಂಪ್ಲಿಫೈಯರು ಹತ್ತಿರದಲ್ಲಿದ್ದು, ಓಮುಗಳ ಹೊಂದಿಕೆಯಿದ್ದರೆ ನಿಷ್ಕ್ರಿಯ ಗುಂಡಿಯೇ ಸಾಕು, ಒಳ್ಳೆಯದೂ ಹೌದು. ಕ್ಯಾಸೆಟ್ಟಿನಂಥ ಬಡ ಮೂಲವಿದ್ದರೆ, ವಯರು ಉದ್ದವಾಗಿದ್ದರೆ ಪ್ರೀಆಂಪು ಬೇಕು. ಗ್ರಾಮಫೋನ್ ತಟ್ಟೆಗಳಾದರೆ ಪ್ರಶ್ನೆಯೇ ಇಲ್ಲ. ಸಾಮಾನ್ಯ ಮುಳ್ಳಿನ ತಲೆಯಿಂದ ಹೊರಡುವುದು ಒಂದು ವೋಲ್ಟಿನ ಇನ್ನೂರರಲ್ಲಿ ಒಂದು ಭಾಗದಷ್ಟು. ಅದಕ್ಕೆಂದೇ ಮಾಡಿದ ಫೋನೋ ಪ್ರೀಆಂಪು ಮೊದಲು ಬರಬೇಕು. ಮೂಲ, ಗುಂಡಿ, ಆಂಪ್ಲಿಫೈಯರು ಮೂರೂ ನಿಜವಾಗಿ ಸಮತೋಲದವಾಗಿದ್ದರೆ ಮಾತ್ರ ಸಮತೋಲಕ್ಕೆ ಹಣ ತೆರಿರಿ. ಮೂಲವೂ ಆಂಪ್ಲಿಫೈಯರೂ ಒಂದೇ ಮೇಜಿನ ಮೇಲಿದ್ದು ಗುಂಯ್ ಸದ್ದು ಇಲ್ಲದಿದ್ದರೆ ಸಾಧಾರಣ ಜೋಡಣೆಯೇ ಸಾಕು. ಯಂತ್ರಗಳನ್ನು ಹೊತ್ತಿಸುವ ಮುನ್ನ ಗುಂಡಿಯನ್ನು ಪೂರ್ತಿ ಇಳಿಸಿರಿ. ಗುಂಡಿಯಿಲ್ಲದ ಆಂಪ್ಲಿಫೈಯರಿಗೆ 4 ವೋಲ್ಟು ಒಮ್ಮೆಲೇ ನುಗ್ಗಿದರೆ ಸ್ಪೀಕರೂ ಕಿವಿಯೂ ಕೆಡುವುವು.

ಕಿವಿಯ ವಿಷಯದಲ್ಲಿ ಇನ್ನೊಂದು ಮಾತು. ವಾರಕ್ಕೆ 40 ಗಂಟೆ 80 ಡೆಸಿಬೆಲ್ ಮೀರದಿದ್ದರೆ ದೊಡ್ಡವರ ಕಿವಿಗೆ ಬಾಧಕವಿಲ್ಲವೆಂದೂ ಮಕ್ಕಳಿಗೆ 75 ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ. ದನಿ ತಗ್ಗಿದಾಗ ನಮ್ಮ ಕಿವಿಗೆ ಮಂದ್ರನಾದಗಳು ಹೆಚ್ಚಾಗಿ ಕಳೆದುಹೋಗುವುವೆಂದು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿ ಅಳೆದು ತೋರಿಸಿದರು. ಅದಕ್ಕಾಗಿಯೇ ಯಾವಾಗಲೂ ಇನ್ನಷ್ಟು ಏರಿಸಬೇಕೆಂಬ ಚಪಲ ನಮಗೆ ಹುಟ್ಟುವುದು. ಆ ಚಪಲಕ್ಕೆ ಕಡಿವಾಣ ಬೇಡವೆ? ಎಲ್ಲಿ ನಿಲ್ಲಿಸಬೇಕೆಂಬುದನ್ನು ಹೇಗೆ ತಿಳಿಯುವುದು?

ಈ ಪ್ರಶ್ನೆಗೆ ಯಾವ ಶಾಸ್ತ್ರದಲ್ಲಿಯೂ ಇಲ್ಲದ ಉತ್ತರವನ್ನು ನಾನು ಕಳೆದ ತಿಂಗಳು ಪಡೆದೆನು. ಅಕ್ಕನು ಬಳ್ಳಾರಿಗೆ ಮಗನ ಮನೆಗೆ ಬಂದಿದ್ದಳು, ನಾನೂ ಹೋಗಿದ್ದೆನು. ಹುಡುಗನು ತಂದೆಯ ದನಿಯ ಪ್ರತಿಯನ್ನು ಡ್ಯಾಕಿನ ಮೂಲಕ ಹಚ್ಚಿದನು. ಗುಂಯ್ ಸದ್ದಿಲ್ಲ. ಭಾವನವರು ಮೊದಲು ಗಂಟಲು ಸರಿಪಡಿಸಿಕೊಂಡರು. ಆ ಕೆಮ್ಮಿಗೇ ಅಕ್ಕನ ಕಣ್ಣು ತುಂಬಿದುವು. ಹುಡುಗನು ಉತ್ಸಾಹದಿಂದ ಗುಂಡಿಯನ್ನು ಇನ್ನೆರಡು ಮೆಟ್ಟಿಲು ಏರಿಸಿದನು. ಅಕ್ಕನು ಕೈಯೆತ್ತಿ, “ಒಂದೀಟು ತಗ್ಗಿಸೋ ಮಗನೇ, ನಿಮ್ಮಪ್ಪ ಇಷ್ಟು ಜೋರಾಗಿ ಎಂದೂ ಓದ್ತಿದ್ದಿಲ್ಲ” ಎಂದಳು. ಅವನು ಎರಡು ಮೆಟ್ಟಿಲು ಇಳಿಸಿದನು, ಮತ್ತೊಂದು ಇಳಿಸಿದನು. “ಹಾಂ, ಅಲ್ಲೇ ಇರ್ಲಿ” ಎಂದಳು. ಹುಡುಗನು ಆ ಸ್ಥಾನದ ಎದುರಿಗೆ ಪೆನ್ಸಿಲಿನಿಂದ ಒಂದು ಚುಕ್ಕೆಯಿಟ್ಟನು. ಅದು ಈಗಲೂ ಹಾಗೆಯೇ ಇದೆ.